ಅಪ್‌ಡೇಟ್: ಗುಡಿಗಾರ ಕೆತ್ತನೆಯ ಚಿತ್ರ ಕೊನೆಗೂ ಉಳಿಯಿತು

ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆಯ ಕುರಿತ ವಿಕಿಪೀಡಿಯ ಲೇಖನಕ್ಕೆ ನಾನು ಸೇರಿಸಿದ್ದ ಗಣಪತಿಯ ಚಿತ್ರಕ್ಕೆ ಕೃತಿಸ್ವಾಮ್ಯದ ಕಾರಣದಿಂದ ಅಳಿಸುವ ಸೂಚನೆ ಬಿದ್ದಿದೆ, ಕೆತ್ತಿದವರು ನನ್ನ ಚಿಕ್ಕಪ್ಪನೇ ಆದ್ದರಿಂದ ಹಿತಾಸಕ್ತಿ ಸಂಘರ್ಷದ ಪ್ರಶ್ನೆಯೂ ಎದ್ದಿದೆ ಎಂದು ಈ ಹಿಂದೆ ಇಲ್ಲಿ ಸಲಹೆ ಕೇಳಿದ್ದೆ. ಎರಡೂ ಬಗೆಹರಿದಿವೆ.

‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎಂಬ ಪರವಾನಗಿ ಹಾಕುವ ಸಲಹೆ ಫಲಿಸಲಿಲ್ಲ. ವಿಕಿಪೀಡಿಯ ಲೇಖನಗಳ ಚಿತ್ರಗಳನ್ನು ಇಡುವ ಮುಕ್ತ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್ ಅಂಥದ್ದನ್ನು ಸ್ವೀಕರಿಸುವುದೇ ಇಲ್ಲ. ಸಾರ್ವಜನಿಕ ಸ್ಥಳದ ಶಿಲ್ಪಕ್ಕೆ ವಿನಾಯಿತಿಯಿದೆ ಎಂಬ ವಾದವೂ ನಿಲ್ಲಲಿಲ್ಲ, ಏಕೆಂದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಆ ವಿನಾಯಿತಿ ಅಲ್ಲಿ ಶಾಶ್ವತವಾಗಿ ನೆಲೆಗೊಂಡ ಶಿಲ್ಪಗಳಿಗೇ ಹೊರತು, ಅಂಗಡಿಯ ಗಾಜಿನ ಕಪಾಟಿನಲ್ಲಿ ಮಾರಾಟಕ್ಕಿಟ್ಟ ಗೇಣುದ್ದದ ಮೂರ್ತಿಗಲ್ಲ.

ಕೈಹಿಡಿದದ್ದು ಕಾಮನ್ಸ್‌ಗೆ ಅನುಮತಿಯ ಇಮೇಲ್ ಕಳುಹಿಸಿ ಎಂದವರ ಮಾತು. ಛಾಯಾಚಿತ್ರಕ್ಕೊಂದು, ಅದರೊಳಗಿನ ಕೆತ್ತನೆಗೊಂದು ಹೀಗೆ ಎರಡು ಹಕ್ಕುಗಳಿರುವುದರಿಂದ, ಚಿಕ್ಕಪ್ಪನವರೂ ಛಾಯಾಚಿತ್ರ ತೆಗೆದ ಸ್ಟುಡಿಯೋದವರೂ ‘ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0’ (ಕರ್ತೃವಿನ ಹೆಸರು ಹೇಳಿ, ಅದೇ ಷರತ್ತಿನಡಿ ಯಾರು ಬೇಕಾದರೂ ಬಳಸಬಹುದು) ಪರವಾನಗಿಯ ಹೆಸರನ್ನು ಸ್ಪಷ್ಟವಾಗಿ ಬರೆದು ಬೇರೆ ಬೇರೆಯಾಗಿ ಒಪ್ಪಿಗೆ ಕಳುಹಿಸಿದರು. ಬರಿಯ ‘ಬಳಸಿಕೊಳ್ಳಿ’ ಎಂಬ ಒಪ್ಪಿಗೆ ಸಾಲದು.

ನನಗೆ ಅಚ್ಚರಿಯಾದ ಸಂಗತಿಯೆಂದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಒಡೆತನ, ಬೇರೆ ಕರಾರು ಇಲ್ಲದಿದ್ದಲ್ಲಿ, ಅದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ತೆಗೆಸಿದವರದ್ದೇ. ಆದರೂ ಸ್ಟುಡಿಯೋದವರಿಂದ ಬರೆಸಿಕೊಂಡದ್ದು ಒಳ್ಳೆಯದೇ ಆಯಿತು, ವಾದ ಬೆಳೆಯಲಿಲ್ಲ.

ಹಿತಾಸಕ್ತಿಯ ವಿಷಯದಲ್ಲಿ, ನನ್ನ ಸಂಬಂಧವನ್ನು ಲೇಖನದ ಚರ್ಚೆ ಪುಟದಲ್ಲಿ ಬಹಿರಂಗಪಡಿಸಿ, ಲೇಖನವನ್ನು ನೇರವಾಗಿ ಮುಟ್ಟದೆ ಬದಲಾವಣೆಯನ್ನು ಅಲ್ಲಿಯೇ ಕೋರಿದೆ. ಬೇರೊಬ್ಬ ಸಂಪಾದಕರು ಚಿತ್ರವನ್ನು ಮತ್ತೆ ಸೇರಿಸಿದರು. ಅಂಗಡಿಯ ಹೆಸರನ್ನೂ ‘ಸುಪ್ರಸಿದ್ಧ’ ಎಂಬ ವಿಶೇಷಣವನ್ನೂ ಕೈಬಿಟ್ಟರು. ಚಿಕ್ಕಪ್ಪನವರಿಗೆ ಮಾತ್ರ ಹಾಗೆ ಕೈಬಿಟ್ಟದ್ದರ ಬಗ್ಗೆ ಇನ್ನೂ ಸಮಾಧಾನವಿಲ್ಲ.