1966ರ ಮೇನಲ್ಲಿ 237 ರೂಪಾಯಿ, ಜುಲೈನಲ್ಲಿ 374: ಡಾಲರ್ ದರ ಬದಲಾಗಿತ್ತಾ?

ಅಟ್ಟದ ಟ್ರಂಕು:
ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿದೆ. ದೊಡ್ಡಪ್ಪ ಆಗ ಅಮೆರಿಕದಲ್ಲಿದ್ದರು, ತಿಂಗಳಿಗೊಮ್ಮೆ ಮನೆಗೆ ದುಡ್ಡು ಕಳಿಸುತ್ತಿದ್ದರು. 1966ರ ಮಾರ್ಚ್, ಏಪ್ರಿಲ್, ಮೇ ಮೂರೂ ತಿಂಗಳು 237 ರೂಪಾಯಿ ಚಿಲ್ಲರೆ ಜಮಾ ಅಂತ ಇದೆ. ಜೂನ್ ಖಾಲಿ. ಜುಲೈಗೆ ಬಂದರೆ ಏಕ್‌ದಂ 374, ಆಮೇಲೆ ಪುಸ್ತಕ ಮುಗಿಯುವ 1969ರವರೆಗೂ ಅಷ್ಟೇ. ದೊಡ್ಡಪ್ಪ ಜಾಸ್ತಿ ಕಳಿಸೋಕೆ ಶುರು ಮಾಡಿದ್ರಾ, ದರವೇ ಬದಲಾಯ್ತಾ? ಕೇಳೋಣ ಅಂದ್ರೆ ಇಬ್ಬರೂ ಈಗಿಲ್ಲ. ಇನ್ನೊಂದು, ಪ್ರತಿ ಆಗಸ್ಟ್ 15ಕ್ಕೆ ವಾಟ್ಸಾಪ್‌ನಲ್ಲಿ '1947ರಲ್ಲಿ 1 ರೂಪಾಯಿಗೆ 1 ಡಾಲರ್' ಅಂತ ಬರುತ್ತಲ್ಲ, ಅದು ನಿಜಾನಾ?

ಚಿಲ್ಲರೆ ಕಾಸು:
ನಿಮ್ಮ ದೊಡ್ಡಪ್ಪ ಎರಡೂ ಸಲ ಕಳಿಸಿದ್ದು 50 ಡಾಲರ್ ಅಂತ ನನ್ನ ಲೆಕ್ಕ. 1966ರ ಜೂನ್ 6ಕ್ಕೆ ರೂಪಾಯಿ ಅಪಮೌಲ್ಯ ಆಯಿತು. ಅಲ್ಲಿವರೆಗೆ ಡಾಲರ್‌ಗೆ 4.76 ರೂಪಾಯಿ, ಅವತ್ತಿನಿಂದ 7.50. ಗುಣಿಸಿ ನೋಡಿ: 50 ಡಾಲರ್‌ಗೆ ಮೊದಲು 238 ರೂಪಾಯಿ, ಆಮೇಲೆ 375. ಎರಡು ಕಡೆಯೂ ಒಂದೊಂದು ರೂಪಾಯಿ ಕಮ್ಮಿ ಇರೋದು ಬ್ಯಾಂಕಿನವರ ಕಮಿಷನ್ ಇರಬೇಕು. ಆಗ ದರ ಈಗಿನ ಹಾಗೆ ದಿನಾ ಏರಿಳಿಯುತ್ತಿರಲಿಲ್ಲ, ಸರ್ಕಾರ ಒಂದು ಸಲ ಗೊತ್ತು ಮಾಡಿದರೆ ವರ್ಷಗಟ್ಟಲೆ ಅದೇ. ಅದಕ್ಕೇ ಅಜ್ಜನ ಪುಸ್ತಕದಲ್ಲಿ ಒಂದೇ ಅಂಕಿ ಸಾಲಾಗಿ ಕೂತಿದೆ. ಇಂದಿರಾ ಗಾಂಧಿ ಪ್ರಧಾನಿಯಾಗಿ ಆರು ತಿಂಗಳೂ ಆಗಿರಲಿಲ್ಲ. 62 ಮತ್ತು 65ರ ಯುದ್ಧದ ಖರ್ಚು, 65ರಲ್ಲಿ ಮಳೆ ಕೈಕೊಟ್ಟಿದ್ದು, ಪಾಕಿಸ್ತಾನದ ಜೊತೆ ಯುದ್ಧ ಅಂತ ಅಮೆರಿಕ ನೆರವು ನಿಲ್ಲಿಸಿದ್ದು, ಮತ್ತೆ ನೆರವು ಬೇಕಾದರೆ ರೂಪಾಯಿ ಬೆಲೆ ಇಳಿಸಿ ಅಂತ ವಿಶ್ವಬ್ಯಾಂಕ್ ಮತ್ತು ಐಎಂಎಫ್ ಒತ್ತಡ, ಎಲ್ಲ ಸೇರಿ ಆದದ್ದು.

ಮೂರು ಮುಕ್ಕಾಲು:
ವಾಟ್ಸಾಪ್ ಕಥೆ ಬರೀ ಬೊಗಳೆ. 1947ರಲ್ಲಿ ರೂಪಾಯಿಯನ್ನು ಕಟ್ಟಿಹಾಕಿದ್ದು ಡಾಲರ್‌ಗೆ ಅಲ್ಲ, ಪೌಂಡ್‌ಗೆ. 1927ರಿಂದಲೂ 1 ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್. ಅಂದರೆ 18 ಪೆನ್ಸ್. ಆಗಿನ ಪೌಂಡ್‌ಗೆ 240 ಪೆನ್ಸ್, ಹಾಗಾಗಿ 1 ಪೌಂಡ್ ಅಂದರೆ 13.33 ರೂಪಾಯಿ. ಪೌಂಡ್‌ಗೆ 4.03 ಡಾಲರ್ ಇತ್ತು. ಭಾಗಿಸಿದರೆ ಡಾಲರ್‌ಗೆ 3.31 ರೂಪಾಯಿ, ಅಷ್ಟೇ. 'ನಮಗೆ ವಿದೇಶಿ ಸಾಲ ಇರಲಿಲ್ಲ, ಅದಕ್ಕೇ 1ಕ್ಕೆ 1' ಅನ್ನೋ ವಾದ ಇನ್ನೂ ತಮಾಷೆ. ಸಾಲ ಇಲ್ಲದಿದ್ದರೆ ಎರಡು ದೇಶದ ದುಡ್ಡು ಸಮ ಆಗುತ್ತೆ ಅಂತ ಯಾರು ಹೇಳಿದ್ದು? ನಿಜ ಹೇಳಬೇಕೆಂದರೆ ಎರಡನೇ ಮಹಾಯುದ್ಧದ ಖರ್ಚಿನ ಬಾಬ್ತು ಬ್ರಿಟನ್ನೇ ನಮಗೆ ದುಡ್ಡು ಕೊಡಬೇಕಿತ್ತು!

4.76 ಬಂದದ್ದು ಹೀಗೆ: 1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ತನ್ನ ಪೌಂಡನ್ನು 4.03 ಡಾಲರ್‌ನಿಂದ 2.80ಕ್ಕೆ ಇಳಿಸಿತು, ಅದರ ಜೊತೆಗೇ ನಮ್ಮ ರೂಪಾಯಿಯೂ ಇಳಿಯಿತು. 13.33ನ್ನು 2.80ರಿಂದ ಭಾಗಿಸಿ, ಸರಿಯಾಗಿ ಬರುತ್ತದೆ.

ಅಟ್ಟದ ಟ್ರಂಕು:
ಅಯ್ಯೋ, ಇಷ್ಟು ಸುಲಭವಾ! ಆದರೆ ಒಂದು ಪುಸ್ತಕದಲ್ಲಿ 66ರ ಅಪಮೌಲ್ಯ 36.5% ಅಂತಿದೆ, ಇನ್ನೊಂದರಲ್ಲಿ 57.5%. ಯಾವುದು ಸರಿ?

ಚಿಲ್ಲರೆ ಕಾಸು:
ಎರಡೂ ಸರಿ. ರೂಪಾಯಿ ಕಡೆಯಿಂದ ನೋಡಿದರೆ 1 ರೂಪಾಯಿಗೆ 21 ಸೆಂಟ್ ಸಿಗುತ್ತಿದ್ದದ್ದು 13.33 ಸೆಂಟ್‌ಗೆ ಇಳಿಯಿತು, ಅದು 36.5%. ಡಾಲರ್ ಕಡೆಯಿಂದ ನೋಡಿದರೆ 4.76 ಇದ್ದದ್ದು 7.50 ಆಯಿತು, ಅದು 57.5% ಏರಿಕೆ. ನಿಮ್ಮ ಅಜ್ಜನ ಕೈಗೆ ಬಂದದ್ದು ಎರಡನೆಯದು.

ಬರ್ಮಿಂಗ್‌ಹ್ಯಾಮ್ ಸೋದರಮಾವ:
ನಮ್ಮ ಮನೆಯಲ್ಲಿ ಇದು ಉಲ್ಟಾ ಹೊಡೆಯಿತು. ಮಾವ ಕಳಿಸುತ್ತಿದ್ದದ್ದು 10 ಪೌಂಡ್. 66ರ ಜೂನ್‌ಗೆ 133 ಇದ್ದದ್ದು 210 ಆಯಿತು, ಅಮ್ಮನಿಗೆ ಖುಷಿಯೋ ಖುಷಿ. 67ರ ನವೆಂಬರ್‌ನಲ್ಲಿ ಬ್ರಿಟನ್ ಮತ್ತೆ ಪೌಂಡ್ ಇಳಿಸಿತು, 2.80 ಡಾಲರ್‌ನಿಂದ 2.40ಕ್ಕೆ. ಈ ಸಲ ನಮ್ಮ ಸರ್ಕಾರ ಹಿಂದೆ ಹೋಗಲಿಲ್ಲ. ರೂಪಾಯಿ ಇದ್ದಲ್ಲೇ ಇತ್ತು, ಪೌಂಡ್ 21ರಿಂದ 18ಕ್ಕೆ ಬಿತ್ತು, ನಮ್ಮ 210 ಹೋಗಿ 180. ಮಾವನಿಗೆ ಏನೋ ಕಷ್ಟ ಬಂದಿದೆ, ಬಾಯಿಬಿಟ್ಟು ಹೇಳ್ತಿಲ್ಲ ಅಂತ ಅಮ್ಮ ಎಷ್ಟೋ ದಿನ ಕೊರಗಿದ್ದರಂತೆ.

ಮೂರು ಮುಕ್ಕಾಲು:
ಮುಂದಿನ ವರ್ಷಗಳ ಪುಸ್ತಕ ಸಿಕ್ಕಿದರೆ ಒಂದು ಎಚ್ಚರಿಕೆ. ರಿಸರ್ವ್ ಬ್ಯಾಂಕಿನ ಅಂಕಿಅಂಶ ಕೈಪಿಡಿಯಲ್ಲಿ ಇರುವ ಪಟ್ಟಿ ಹಣಕಾಸು ವರ್ಷದ್ದು, ಏಪ್ರಿಲ್‌ನಿಂದ ಮಾರ್ಚ್. 1990-91ರ ಸರಾಸರಿ 17.94, 1991-92ರದ್ದು 24.47 ಅಂತ ಇರುತ್ತೆ, ನೋಡಿದರೆ ವರ್ಷವಿಡೀ ಮೆಲ್ಲಗೆ ಏರಿದ ಹಾಗೆ ಕಾಣುತ್ತೆ. ಆದರೆ 91ರಲ್ಲಿ ಜುಲೈ 1 ಮತ್ತು 3, ಮೂರೇ ದಿನದೊಳಗೆ ಎರಡು ಏಟಿಗೆ ಇಳಿಸಿದ್ದು. ಜೂನ್ ತಿಂಗಳ ಡ್ರಾಫ್ಟನ್ನು ಆ ಸರಾಸರಿಯಿಂದ ಲೆಕ್ಕ ಹಾಕಿದರೆ ತಪ್ಪೇ ಬರುತ್ತದೆ. ಆದಷ್ಟು ತಿಂಗಳ ಅಥವಾ ದಿನದ ದರ ಹುಡುಕಿ. 1993ರ ಮಾರ್ಚ್ ಆದಮೇಲಂತೂ ಪೇಟೆಯೇ ದರ ನಿರ್ಧರಿಸುತ್ತೆ, ದಿನಾ ಬೇರೆ.

ಅಟ್ಟದ ಟ್ರಂಕು:
ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಬಿದ್ದು ಬಿದ್ದು ನಕ್ಕರು. ಆ ಜುಲೈನಲ್ಲಿ ಅಜ್ಜಿ, ನಮ್ಮ ಹುಡುಗನಿಗೆ ಅಮೆರಿಕದಲ್ಲಿ ಬಡ್ತಿ ಸಿಕ್ಕಿದೆ ಅಂತ ಕೇರಿಗೆಲ್ಲ ಪಾಯಸ ಹಂಚಿದ್ದರಂತೆ.