ಮೈಕೆಲ್ ಕರ್ಟಿಜ್ ಚಿತ್ರಗಳಲ್ಲಿ ನಿರ್ದೇಶಕನ ಗುರುತು ಎಲ್ಲಿದೆ?

ಪ್ರಶ್ನೆ

ಕೆಲವು ತಿಂಗಳುಗಳಿಂದ ಹಾಲಿವುಡ್‌ನ ಹಳೆಯ ಚಿತ್ರಗಳನ್ನು ನಿರ್ದೇಶಕರ ಹೆಸರು ಹಿಡಿದು ಸಾಲಾಗಿ ನೋಡುತ್ತಿದ್ದೇನೆ. ಜಾನ್ ಫೋರ್ಡ್, ಹಿಚ್‌ಕಾಕ್ ಅವರ ನಾಲ್ಕೈದು ಚಿತ್ರಗಳನ್ನು ನೋಡುವಷ್ಟರಲ್ಲಿ, ಹೆಸರು ತೋರಿಸದಿದ್ದರೂ ಇದು ಇಂಥವರದೇ ಎಂದು ಹೇಳಬಲ್ಲೆ ಎನ್ನಿಸಿತು. ಮೈಕೆಲ್ ಕರ್ಟಿಜ್ ಅವರ ವಿಷಯದಲ್ಲಿ ಹಾಗೆ ಆಗುತ್ತಿಲ್ಲ. ‘ಕ್ಯಾಪ್ಟನ್ ಬ್ಲಡ್’ (1935) ಕಡಲ್ಗಳ್ಳರ ಸಾಹಸ, ‘ಏಂಜೆಲ್ಸ್ ವಿತ್ ಡರ್ಟಿ ಫೇಸಸ್’ (1938) ಪಾತಕಲೋಕದ ಕಥೆ, ‘ಯಾಂಕೀ ಡೂಡಲ್ ಡ್ಯಾಂಡಿ’ (1942) ಹಾಡು ಕುಣಿತದ ಚಿತ್ರ, ‘ಮಿಲ್ಡ್ರೆಡ್ ಪಿಯರ್ಸ್’ (1945) ತಾಯಿ ಮಗಳ ಕಹಿ ಸಂಬಂಧದ ಚಿತ್ರ. ಇವೆಲ್ಲವನ್ನೂ ಒಬ್ಬರೇ ಮಾಡಿದರು ಎಂಬುದೇ ಅಚ್ಚರಿ. ಅಮೆರಿಕದ ವಿಮರ್ಶಕ ಆಂಡ್ರ್ಯೂ ಸ್ಯಾರಿಸ್ 1968ರಲ್ಲಿ ಇವರನ್ನು ಮೇಲ್ಪಂಕ್ತಿಯಲ್ಲಿ ಕೂರಿಸಲಿಲ್ಲ; ಇವರ ಅತಿ ಪ್ರಸಿದ್ಧ ಚಿತ್ರ ‘ಕಾಸಾಬ್ಲಾಂಕಾ’ (1942) ಅಷ್ಟು ಚೆನ್ನಾಗಿ ಬಂದದ್ದು ಒಂದು ಸುಖದ ಆಕಸ್ಮಿಕ ಎಂಬರ್ಥದ ಮಾತನ್ನೂ ಬರೆದರು. ಕರ್ಟಿಜ್ ಅವರು ಸ್ಟುಡಿಯೋ ಒಪ್ಪಿಸಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿಕೊಟ್ಟ ಕುಶಲಕರ್ಮಿ ಮಾತ್ರವೇ? ಅಥವಾ ನಾನು ಗುರುತನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇನೆಯೇ?

ಉತ್ತರ 1

ತಪ್ಪು ಜಾಗದಲ್ಲಿ ಹುಡುಕುತ್ತಿದ್ದೀರಿ ಎಂದೇ ನನ್ನ ಅಭಿಪ್ರಾಯ. ಕಥೆಯ ವಸ್ತುವಿನಲ್ಲಿ ಹುಡುಕಿದರೆ ಕರ್ಟಿಜ್ ಸಿಗುವುದಿಲ್ಲ, ಏಕೆಂದರೆ ವಸ್ತುವಿನ ಆಯ್ಕೆ ಬಹುಮಟ್ಟಿಗೆ ಅವರ ಕೈಯಲ್ಲಿರಲಿಲ್ಲ. ಗೋಡೆಯ ಮೇಲೆ ಬೀಳುವ ನೆರಳನ್ನು ನೋಡಿ, ಕ್ಯಾಮೆರಾ ಯಾವಾಗ ಚಲಿಸುತ್ತದೆ ಎಂಬುದನ್ನು ಗಮನಿಸಿ.

‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ (1938) ಚಿತ್ರದ ಕೊನೆಯ ಕತ್ತಿವರಸೆಯನ್ನು ನೆನಪಿಸಿಕೊಳ್ಳಿ. ರಾಬಿನ್ ಮತ್ತು ಸರ್ ಗೈ ಕೋಟೆಯ ಮೆಟ್ಟಿಲುಗಳ ಮೇಲೆ ಹೋರಾಡುತ್ತಾ ನಮ್ಮ ಕಣ್ಣಿಂದ ಮರೆಯಾಗುತ್ತಾರೆ. ಬೇರೊಬ್ಬ ನಿರ್ದೇಶಕನಾಗಿದ್ದರೆ ಕೂಡಲೇ ಇನ್ನೊಂದು ಕಡೆಯಿಂದ ಅವರನ್ನು ತೋರಿಸುತ್ತಿದ್ದ. ಇಲ್ಲಿ ದಪ್ಪ ಕಂಬದ ಮೇಲೆ ಆಳೆತ್ತರವನ್ನು ಮೀರಿದ ಎರಡು ನೆರಳುಗಳು ಹೋರಾಟವನ್ನು ಮುಂದುವರಿಸುತ್ತವೆ. ಖಣಖಣ ಸದ್ದು ಮಾತ್ರ ಕೇಳುತ್ತದೆ, ಮನುಷ್ಯರು ಕಾಣುವುದಿಲ್ಲ. ಈ ಚಿತ್ರವನ್ನು ಆರಂಭಿಸಿದವರು ವಿಲಿಯಂ ಕೀಲಿ ಎಂಬುದನ್ನು ಇಲ್ಲಿ ಹೇಳಲೇಬೇಕು. ನಡುವೆ ಸ್ಟುಡಿಯೋ ಅವರನ್ನು ಬದಲಿಸಿ ಕರ್ಟಿಜ್ ಅವರನ್ನು ತಂದಿತು, ಹಾಗಾಗಿ ಇಬ್ಬರ ಹೆಸರೂ ಚಿತ್ರದಲ್ಲಿದೆ.

ಈಗ ‘ಕಾಸಾಬ್ಲಾಂಕಾ’ಗೆ ಬನ್ನಿ. ಕಥಾನಾಯಕ, ಕೆಫೆಯ ಮಾಲೀಕ ರಿಕ್ ತನ್ನ ಕೋಣೆಯ ತಿಜೋರಿಯಿಂದ ಹಣ ತೆಗೆಯುವಾಗ ನಮಗೆ ಕಾಣುವುದು ಗೋಡೆಯ ಮೇಲಿನ ಅವನ ನೆರಳು. ‘ಏಂಜೆಲ್ಸ್ ವಿತ್ ಡರ್ಟಿ ಫೇಸಸ್’ನಲ್ಲಿ ಪಾತಕಿ ರಾಕಿಯನ್ನು ಮರಣದಂಡನೆಗೆ ಎಳೆದೊಯ್ಯುವಾಗಲೂ ನೆರಳುಗಳೇ ಹೆಚ್ಚಿನದನ್ನು ಹೇಳುತ್ತವೆ, ಆದ್ದರಿಂದಲೇ ಅವನು ನಿಜಕ್ಕೂ ಹೆದರಿದನೋ ಹೆದರಿದಂತೆ ನಟಿಸಿದನೋ ಎಂಬ ಪ್ರಶ್ನೆ ನಮ್ಮಲ್ಲಿ ಉಳಿಯುತ್ತದೆ. ಮೂರೂ ಬೇರೆ ಬೇರೆ ಬಗೆಯ ಚಿತ್ರಗಳು, ಛಾಯಾಗ್ರಾಹಕರೂ ಎಲ್ಲದರಲ್ಲಿ ಒಬ್ಬರೇ ಅಲ್ಲ. ಆಂಟನ್ ಗ್ರೋಟ್, ಕಾರ್ಲ್ ಜೂಲ್ಸ್ ವೈಲ್ ಅವರಂಥ ಕಲಾ ನಿರ್ದೇಶಕರ ಪಾಲು ಇದರಲ್ಲಿ ದೊಡ್ಡದು, ನಿಜ. ಆದರೆ ಮತ್ತೆ ಮತ್ತೆ ಕಾಣುವ ಈ ಹಟ ಯಾರದು ಎಂದು ಕೇಳಿದರೆ ಕರ್ಟಿಜ್ ಅವರನ್ನು ಬಿಟ್ಟು ಬೇರೆ ಹೆಸರು ನನಗೆ ತೋಚುವುದಿಲ್ಲ.

ಉತ್ತರ 2

ಮೇಲಿನ ಮಾತಿಗೆ ಸ್ವಲ್ಪ ಹಿನ್ನೆಲೆಯನ್ನು ಸೇರಿಸಬಯಸುತ್ತೇನೆ. 1886ರಲ್ಲಿ ಬುಡಾಪೆಸ್ಟ್‌ನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಇವರು ಅಮೆರಿಕಕ್ಕೆ ಬರುವ ಹೊತ್ತಿಗೆ ಹೊಸಬರಾಗಿರಲಿಲ್ಲ. ಹಂಗೇರಿಯಲ್ಲಿ ಮೂಕಿಚಿತ್ರಗಳನ್ನು ಮಾಡಿ, ಡೆನ್ಮಾರ್ಕ್‌ನ ನಾರ್ಡಿಸ್ಕ್ ಸಂಸ್ಥೆಯಲ್ಲಿ ಕೆಲಸ ಕಲಿತು, 1919ರಲ್ಲಿ ದೇಶ ಬಿಟ್ಟು, ವಿಯೆನ್ನಾದಲ್ಲಿ ಸಾವಿರಾರು ಸಹನಟರನ್ನು ನಿಲ್ಲಿಸಿ ಬೈಬಲ್ ಕಥೆಗಳನ್ನು ತೆಗೆದಿದ್ದರು. ಅಲ್ಲಿನ ಒಂದು ಚಿತ್ರವನ್ನು ನೋಡಿಯೇ ವಾರ್ನರ್ ಬ್ರದರ್ಸ್ 1926ರಲ್ಲಿ ಇವರನ್ನು ಕರೆಸಿಕೊಂಡದ್ದು. ಮುಂದಿನ ಕಾಲು ಶತಮಾನದಲ್ಲಿ ಆ ಒಂದೇ ಸ್ಟುಡಿಯೋಗೆ ಎಂಬತ್ತಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿಕೊಟ್ಟರು. ಜೀವಮಾನದ ಲೆಕ್ಕ 160ನ್ನು ದಾಟುತ್ತದೆ. 1938ರ ಎರಡು ಬೇರೆ ಬೇರೆ ಚಿತ್ರಗಳಿಗಾಗಿ ಒಂದೇ ವರ್ಷ ನಿರ್ದೇಶನದ ಆಸ್ಕರ್‌ಗೆ ಎರಡು ನಾಮನಿರ್ದೇಶನ ಪಡೆದರು. ಎರೋಲ್ ಫ್ಲಿನ್ ತಾರೆಯಾದದ್ದು, ಡೋರಿಸ್ ಡೇ ಮೊದಲ ಬಾರಿ ತೆರೆಗೆ ಬಂದದ್ದು ಇವರ ಚಿತ್ರಗಳಲ್ಲಿ.

‘ಕಾಸಾಬ್ಲಾಂಕಾ’ ಆಕಸ್ಮಿಕ ಎಂಬ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. 1942ರ ಮೇ ತಿಂಗಳಲ್ಲಿ ಚಿತ್ರೀಕರಣ ಶುರುವಾದಾಗ ಚಿತ್ರಕಥೆ ಪೂರ್ತಿ ಸಿದ್ಧವಿರಲಿಲ್ಲ, ಅತ್ತ ಬರೆಯುತ್ತಿದ್ದಂತೆ ಇತ್ತ ತೆಗೆಯುತ್ತಿದ್ದರು. ಆದರೆ ಅಂಥ ಪರಿಸ್ಥಿತಿಯಲ್ಲೂ ಚಿತ್ರದ ಲಯ ಎಲ್ಲಿಯೂ ಮುಕ್ಕಾಗಿಲ್ಲವಲ್ಲ, ಅದು ಆಕಸ್ಮಿಕವಲ್ಲ. ಕೊನೆಯ ವಿಮಾನ ನಿಲ್ದಾಣದ ದೃಶ್ಯದಲ್ಲಿ ಹಿಂದೆ ನಿಂತಿರುವ ವಿಮಾನ ಒಂದು ಚಿಕ್ಕ ಮಾದರಿ. ಅದು ದೊಡ್ಡದಾಗಿ ಕಾಣಲೆಂದು ಸುತ್ತಲೂ ಕುಳ್ಳಗಿನವರನ್ನು ಕೆಲಸಗಾರರ ವೇಷದಲ್ಲಿ ನಿಲ್ಲಿಸಿ, ಕೊರತೆ ಕಾಣದಂತೆ ಮಂಜನ್ನು ಹರಡಿದರು. ಇಂದು ಆ ಮಂಜಿಲ್ಲದೆ ಆ ಬೀಳ್ಕೊಡುಗೆಯನ್ನು ಊಹಿಸಿಕೊಳ್ಳುವುದೂ ಕಷ್ಟ. ರಿಕ್‌ನ ಕೆಫೆಯಲ್ಲಿ ಫ್ರಾನ್ಸಿನ ರಾಷ್ಟ್ರಗೀತೆಯನ್ನು ಹಾಡುವವರಲ್ಲಿ ಹಲವರು ನಾಜಿಗಳಿಂದ ತಪ್ಪಿಸಿಕೊಂಡು ಬಂದ ನಿಜವಾದ ನಿರಾಶ್ರಿತರು. ದೇಶ ಬಿಟ್ಟು ಬಂದವರ ಮುಖದ ಮೇಲೆ ಕ್ಯಾಮೆರಾವನ್ನು ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದು ಈ ನಿರ್ದೇಶಕರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಉತ್ತರ 3

ಇಬ್ಬರ ಮಾತನ್ನೂ ಗೌರವಿಸುತ್ತೇನೆ. ಆದರೆ ಅಷ್ಟೊಂದು ಚಿತ್ರಗಳನ್ನು ಮಾಡಿದ ಆ ವೇಗಕ್ಕೆ ಬೆಲೆ ತೆತ್ತವರನ್ನು ಮರೆಯಬಾರದು. ಮಧ್ಯಾಹ್ನ ಊಟ ಮಾಡಿದವರು ಸಂಜೆಗೆ ಸೋಮಾರಿಗಳಾಗುತ್ತಾರೆ ಎಂದು ನಂಬಿ ತಾವೂ ಉಣ್ಣದೆ ಇತರರ ಬಿಡುವಿಗೂ ಸಿಡುಕುತ್ತಿದ್ದ ನಿರ್ದೇಶಕ ಇವರು. ‘ನೋವಾಸ್ ಆರ್ಕ್’ (1928) ಚಿತ್ರದ ಪ್ರಳಯದ ದೃಶ್ಯದಲ್ಲಿ ಅಪಾರ ನೀರನ್ನು ಜನರ ಮೇಲೆ ಹರಿಸಿದಾಗ ಹಲವಾರು ಸಹನಟರು ಗಾಯಗೊಂಡರು. ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ (1936) ಚಿತ್ರದಲ್ಲಿ ಓಡುವ ಕುದುರೆಗಳನ್ನು ಕಾಲಿಗೆ ತಂತಿ ಸಿಕ್ಕಿಸಿ ಬೀಳಿಸಿದರು; ಹಲವು ಕುದುರೆಗಳು ಸತ್ತವು, ಫ್ಲಿನ್ ಇದನ್ನು ಕಂಡು ಕೆರಳಿದರು. ಆ ದಾಳಿಯ ದೃಶ್ಯ ಇಂದಿಗೂ ಮೈನವಿರೇಳಿಸುತ್ತದೆ ಎಂಬುದು ನಿಜ, ಆದರೆ ಒಂದೊಂದು ಕುದುರೆ ಮುಗ್ಗರಿಸಿದಾಗಲೂ ಅದು ನಟನೆಯಲ್ಲ ಎಂಬುದು ನೆನಪಾಗಿ ನನಗೆ ಪೂರ್ತಿ ನೋಡಲಾಗುವುದಿಲ್ಲ. ಕರ್ಟಿಜ್ ದೊಡ್ಡ ನಿರ್ದೇಶಕರೆಂದು ನಾನೂ ನಂಬುತ್ತೇನೆ. ಅವರ ಶೈಲಿಯನ್ನು ಚರ್ಚಿಸುವವರು ಇದನ್ನೂ ಅದೇ ಉಸಿರಿನಲ್ಲಿ ಹೇಳಬೇಕೆಂಬುದಷ್ಟೇ ನನ್ನ ಕೋರಿಕೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಓದಿದ ಮೇಲೆ ‘ಮಿಲ್ಡ್ರೆಡ್ ಪಿಯರ್ಸ್’ ಅನ್ನು ಮತ್ತೊಮ್ಮೆ ನೋಡಿದೆ. ಜೋನ್ ಕ್ರಾಫರ್ಡ್ ಅವರಿಗೆ ಆಸ್ಕರ್ ತಂದ ಚಿತ್ರವೆಂದು ಮೊದಲ ಸಲ ಅವರ ಮುಖವನ್ನಷ್ಟೇ ನೋಡಿದ್ದೆ. ಈ ಸಲ, ಕಡಲ ದಂಡೆಯ ಮನೆಯಲ್ಲಿ ಸಿಕ್ಕಿಬಿದ್ದ, ಮಿಲ್ಡ್ರೆಡ್‌ಳ ವ್ಯವಹಾರದ ಪಾಲುದಾರ ವಾಲಿ ಬಾಗಿಲಿಂದ ಬಾಗಿಲಿಗೆ ಓಡುವಾಗ ಆ ಮನೆಯ ನೆರಳುಗಳು ಅವನನ್ನು ಹೇಗೆ ಸುತ್ತುವರಿಯುತ್ತವೆ ಎಂಬುದು ಕಂಡಿತು. ಇನ್ನೊಂದನ್ನು ಹಿಂದೆ ಪೂರ್ತಿಯಾಗಿ ತಪ್ಪಿಸಿಕೊಂಡಿದ್ದೆ: ಮಿಲ್ಡ್ರೆಡ್ ಪೊಲೀಸ್ ಕಚೇರಿಯಿಂದ ಮುಂಜಾವಿನ ಬೆಳಕಿಗೆ ಹೊರಟಾಗ, ಇಬ್ಬರು ಹೆಂಗಸರು ಮೊಣಕಾಲೂರಿ ನೆಲ ಉಜ್ಜುತ್ತಿರುತ್ತಾರೆ. ದುಡಿದು ದುಡಿದು ಮಗಳನ್ನು ಬೆಳೆಸಿದ ಒಬ್ಬ ತಾಯಿಯ ಕಥೆಯ ಕೊನೆಯಲ್ಲಿ ಕ್ಯಾಮೆರಾ ಆ ಇಬ್ಬರು ಹೆಂಗಸರನ್ನು ಚೌಕಟ್ಟಿನಿಂದ ಹೊರಗೆ ಬಿಟ್ಟಿಲ್ಲ.