ಕಾರ್ಬನ್ ಫೈಬರ್ ವಿಮಾನದಲ್ಲಿ ರಿಸೀವರ್ ಎಲ್ಲಿರಬೇಕು?

ಪ್ರಶ್ನೆ: ನನ್ನ ಮಾದರಿ ವಿಮಾನದ ಒಡಲು ಪೂರ್ತಿ ಕಾರ್ಬನ್ ಫೈಬರಿನದು. 2.4 ಗಿಗಾಹರ್ಟ್ಸ್ ರಿಸೀವರನ್ನು (ನಿಯಂತ್ರಣದ ರೇಡಿಯೊ ಸಂಕೇತವನ್ನು ಹಿಡಿಯುವ ಸಾಧನ) ಬ್ಯಾಟರಿಯ ಪಕ್ಕದಲ್ಲೇ ಕೂರಿಸಬಹುದೇ? ಅದರ ಎರಡು ಆಂಟೆನಾಗಳನ್ನು ಹೇಗೆ ಹಾಯಿಸಬೇಕು?

ಉತ್ತರ 1: ಕಾರ್ಬನ್ ಫೈಬರ್ ವಿದ್ಯುತ್ ವಾಹಕವಾದ್ದರಿಂದ ರೇಡಿಯೊ ಅಲೆಗಳನ್ನು ತಡೆಯುತ್ತದೆ, ರಿಸೀವರ್ ಒಳಗಿದ್ದರೂ ಆಂಟೆನಾಗಳ ತುದಿಗಳು ಒಡಲಿನಿಂದ ಹೊರಗೆ ಬರಲೇಬೇಕು. ತಂತಿಯ ಉದ್ದವೆಲ್ಲ ಸಂಕೇತವನ್ನು ಹಿಡಿಯುವುದಿಲ್ಲ. ಲೋಹದ ಕವಚವಿಲ್ಲದ ಕೊನೆಯ ಸುಮಾರು 31 ಮಿಲಿಮೀಟರ್, ಅಂದರೆ ಅಲೆಯುದ್ದದ ಕಾಲು ಭಾಗ ಮಾತ್ರ ಆ ಕೆಲಸ ಮಾಡುವುದರಿಂದ, ಅದನ್ನು ಮಡಚುವುದಾಗಲಿ ಕತ್ತರಿಸುವುದಾಗಲಿ ಸಲ್ಲದು. ಎರಡು ತುದಿಗಳನ್ನು ಪರಸ್ಪರ 90 ಡಿಗ್ರಿ ಕೋನದಲ್ಲಿ ನಿಲ್ಲಿಸಿದರೆ, ವಿಮಾನ ಹೇಗೆ ಹೊರಳಿದರೂ ಸಾಮಾನ್ಯವಾಗಿ ಒಂದಾದರೂ ಸಂಕೇತಕ್ಕೆ ಅನುಕೂಲವಾದ ದಿಕ್ಕಿನಲ್ಲಿರುತ್ತದೆ.

ಉತ್ತರ 2: ಬ್ಯಾಟರಿಗಿಂತಲೂ ಮೋಟಾರಿನ ವೇಗ ನಿಯಂತ್ರಕ ಮತ್ತು ಅದರ ದಪ್ಪ ತಂತಿಗಳಿಂದ ರಿಸೀವರನ್ನು ದೂರವಿಡುವುದು ಮುಖ್ಯ. ಫೇಲ್‌ಸೇಫ್ (ಸಂಕೇತ ತಪ್ಪಿದಾಗ ಮೋಟಾರನ್ನು ತಾನಾಗಿಯೇ ನಿಲ್ಲಿಸುವ ವ್ಯವಸ್ಥೆ) ಹೊಂದಿಸದೆ ಹಾರಿಸುವುದನ್ನು ನಾನಂತೂ ಒಪ್ಪುವುದಿಲ್ಲ. ಪ್ರೊಪೆಲ್ಲರ್ ಬಿಚ್ಚಿಟ್ಟು, ಕೈಯಲ್ಲಿ ಹಿಡಿಯುವ ನಿಯಂತ್ರಣ ಸಾಧನವಾದ ಟ್ರಾನ್ಸ್‌ಮಿಟರನ್ನು ಆಫ್ ಮಾಡಿ, ಮೋಟಾರು ನಿಲ್ಲುತ್ತದೆಯೇ ಎಂದು ನೋಡಿರಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಸಂಕೇತ ಎಷ್ಟು ದೂರ ತಲುಪುತ್ತದೆಂದು ನೋಡುವ ರೇಂಜ್ ಪರೀಕ್ಷೆಯ ವೇಳೆ ಮೋಟಾರು ಓಡುತ್ತಿರಬೇಕೇ?

ಉತ್ತರ 2: ಟ್ರಾನ್ಸ್‌ಮಿಟರನ್ನು ಕಡಿಮೆ ಶಕ್ತಿಯ ರೇಂಜ್ ಪರೀಕ್ಷೆಯ ಸ್ಥಿತಿಗೆ ತಂದು, ಮೊದಲು ಮೋಟಾರು ನಿಂತಿರುವಾಗ, ಆಮೇಲೆ ಓಡುತ್ತಿರುವಾಗ ಪರೀಕ್ಷಿಸಿರಿ, ಎರಡನೆಯ ಬಾರಿ ದೂರ ಗಣನೀಯವಾಗಿ ಕುಗ್ಗಿದರೆ ಅಡಚಣೆ ವಿಮಾನದೊಳಗೇ ಇದೆ. ಮೋಟಾರು ಓಡುತ್ತಿರುವಾಗ ಸಹಾಯಕರೊಬ್ಬರು ವಿಮಾನವನ್ನು ಹಿಂದಿನಿಂದ ಭದ್ರವಾಗಿ ಹಿಡಿದಿರಲಿ.